ಒಂಬತ್ತು ಗೂಟ

ಪಿಎಚ್‌ಡಿಯ ಮೂರನೇ ವರ್ಷ. ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ
ಸ್ಟಾಪ್‌ವಾಚ್ ಹಿಡಿದು ಕೂತಿದ್ದೇನೆ.
ಎದುರಿಗೆ ಪುಟ್ಟಮಾದಯ್ಯ, ಲಕ್ವ ಹೊಡೆದ ಎಡಗೈ,
ಒಂಬತ್ತು ಕುಳಿಯ ಹಲಗೆ.

ನಾಲ್ಕನೇ ಗೂಟ ಜಾರಿ ಮೇಜಿನಡಿ ಉರುಳಿತು.
"ಮಕ್ಕಳಾಟ ಇದು, ತೆಗೀರಮ್ಮ."
ಬರೆದುಕೊಂಡೆ: ಸಹಕಾರ ಕಡಿಮೆ.

ಇಪ್ಪತ್ತಾರು ವರ್ಷ ಸಿಟಿ ಬಸ್ಸಿನ ಕಂಡಕ್ಟರು.
ಮರುದಿನ ನನ್ನ ಪರ್ಸಿನ ಹತ್ತರ ನೋಟುಗಳನ್ನೇ ಕೊಟ್ಟೆ.
ಉದ್ದಕ್ಕೆ ಮಡಿಚಿ, ಬೆರಳಸಂದಿಗೆ ಒಂದೊಂದೇ
ನಡುಗುತ್ತ, ಕೈಯನ್ನೇ ಬೈಯುತ್ತ ಸಿಕ್ಕಿಸಿದರು.
"ಮೆಜೆಸ್ಟಿಕ್ಕಾ? ಚಿಲ್ಲರೆ ಕೊಡಿ!"

ಸ್ಟಾಪ್‌ವಾಚ್ ಒತ್ತುವುದನ್ನೇ ಮರೆತಿದ್ದೆ.

ಇದಕ್ಕೆಷ್ಟು ಅಂಕ, ಗೈಡ್ ಕೇಳಿದರು.
ಕೋಷ್ಟಕದಲ್ಲಿ ಆ ಮನೆ ಇನ್ನೂ ಖಾಲಿ.

ರಾತ್ರಿಯ ಬಸ್ಸಿನಲ್ಲಿ ಎಲ್ಲರೂ
ಫೋನೆತ್ತಿ ಸ್ಕ್ಯಾನ್ ಮಾಡುತ್ತಾರೆ. ನಾನೂ ಎತ್ತಿದೆ.
ಕಂಡಕ್ಟರಮ್ಮನ ಬೆರಳಸಂದಿ ಬರಿದು.
ಪರ್ಸಿನಲ್ಲೊಂದು ಹತ್ತರ ನೋಟು
ಉದ್ದಕ್ಕೆ ಮಡಿಕೆ ಬಿದ್ದದ್ದು;
ಬಿಡಿಸದೆ ಇಟ್ಟಿದ್ದೇನೆ.