ಹದಿನೇಳನೆಯ ಕೊಳವೆ

ಹಿಂದಿನ ದಿನವಿಡೀ ಕಾಫಿ ಮುಟ್ಟಿರಬಾರದು
ಎಂಬುದು ನಿಯಮ.
ಅಡಿಸ್ ಅಬಾಬಾದಲ್ಲಿ ಹಾಗನ್ನುವುದೆಂದರೆ
ಉಸಿರಾಡಬೇಡಿ ಅಂದಂತೆ.
ಆದರೂ ಬಂದರು ಮೂವತ್ತು ಮಂದಿ
ತಲೆನೋವು ಹೊತ್ತುಕೊಂಡು,
ಆರೋಗ್ಯವಂತರು ಅನ್ನಿಸಿಕೊಳ್ಳಲು.

ಮಿನಿಬಸ್ಸಿನ ಬಾಗಿಲಿಗೆ ಜೋತುಬಿದ್ದು
ಸ್ಟಾಪುಗಳ ಹೆಸರು ಕೂಗುವ ತಮಿರಾತ್.
ಸೂಜಿ ಕಂಡೊಡನೆ ಕಣ್ಣುಮುಚ್ಚಿ
ಹತ್ತೊಂಬತ್ತರ ಮಗ್ಗಿ ಹೇಳಿಕೊಂಡ
ಗಣಿತದ ಮೇಷ್ಟ್ರು ದೆಸ್ಸಾಲೆಗ್ನ್.
ನಾನು ಕೇಳುವುದು ಅಚ್ಚು ಹಾಕಿದ ಪ್ರಶ್ನೆ.
ಮಾತ್ರೆ? ಇಲ್ಲ.
ಸಿಗರೇಟು? ಇಲ್ಲ.
ಖಾತ್ ಸೊಪ್ಪು? ತಮಿರಾತ್ ನಕ್ಕು, ಇಲ್ಲ ಅಂದ.
ಇಲ್ಲ ಅಂತಲೇ ಬರೆದೆ.

ಹದಿನೇಳನೆಯವರು ಯೆಶಿಮೆಬೆತ್,
ಐವತ್ತೆರಡು ವರ್ಷ.
ತೋಳು ಚಾಚಿದಾಗ ಬಿಳಿ ಶಾಲು ಜಾರಿ
ನೀಲಗಿರಿ ಸೌದೆಯ ಹೊಗೆವಾಸನೆ
ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂತಿತು.
"ಒಂದು ದಿನವೂ ಹಾಸಿಗೆ ಹಿಡಿದವಳಲ್ಲ, ಮಗಳೇ."
ದಿನಕ್ಕೆ ನೂರಿಪ್ಪತ್ತು ಇಂಜೆರಾ ಹುಯ್ಯುತ್ತಾರಂತೆ
ಮೂರು ಹೋಟೆಲುಗಳಿಗೆ.
ಒಲೆಗೆ ನಮ್ಮ ಹಾಳೆಯಲ್ಲಿ
ಚೌಕ ಇರಲಿಲ್ಲ.

ನಮಗೆ ನಿಜಕ್ಕೂ ಬೇಕಾದದ್ದು ಯಕೃತ್ತಿನ ಸುದ್ದಿ.
ನುಂಗಿದ ಮದ್ದನ್ನು ಅರೆದು, ಸೋಸಿ,
ಹಿತ್ತಲಿಗೆ ಸಾಗಿಸುವ ಅಡುಗೆಮನೆ ಅದು.
ಗಟ್ಟಿಮುಟ್ಟಾಗಿರುವವರು ಯಾರು
ತಮ್ಮ ಯಕೃತ್ತು ಚಿವುಟಿ ಕೊಡುತ್ತಾರೆ?
ಅದಕ್ಕೇ ರಕ್ತ.
ಅಗುಳೊಂದ ಹಿಸುಕಿದರೆ ಸಾಕು, ಅನ್ನದ ಹದ ತಿಳಿಯುತ್ತದೆ ನಿಜ.
ಇಲ್ಲಿ ಅಗುಳು ನನ್ನ ಬೆರಳಲ್ಲಿ,
ಪಾತ್ರೆ ಪಕ್ಕದ ಮನೆಯಲ್ಲಿ.

ಕೆಂಪನ್ನು ಒಡೆದು ತೊಳೆದರೆ ಉಳಿಯುವ ಬಿಳಿಕಣ
ಒಂದು ಚಿಟಿಕೆ ಮಂಜಿನಷ್ಟು.
ಅದರೊಳಗೆ ಆ ಗಳಿಗೆಯ ಆರ್‌ಎನ್‌ಎ:
ಜೀನು ಗೀಚಿದ ಚೀಟಿ,
ಓದಿ ಹರಿದು ಎಸೆಯಲೆಂದೇ ಬರೆದದ್ದು.
ಬೆರಳ ಬೆವರು ತಾಗಿದರೂ ಅಳಿಸಿಹೋಗುತ್ತದೆ.
ಕರೆಂಟು ಹೋದ ಮಂಗಳವಾರ
ಮೈನಸ್ ಎಂಬತ್ತರ ಪೆಟ್ಟಿಗೆಯ ಬಾಗಿಲಿಗೆ
ಬೆನ್ನು ಕೊಟ್ಟು ನಿಂತಿದ್ದೆ,
ಯಾರೋ ಕದಿಯಲು ಬರುತ್ತಾರೆಂಬಂತೆ,
ಜನರೇಟರು ಕೆಮ್ಮಿ ಎಚ್ಚರಾಗುವ ತನಕ.

ಯಂತ್ರ ಸುತ್ತಿಗೊಮ್ಮೆ ಪ್ರತಿಗಳನ್ನು ಇಮ್ಮಡಿಸುತ್ತದೆ.
ಚೀಟಿ ಹೆಚ್ಚಿದ್ದವರ ಗೆರೆ ಬೇಗ ಏಳುತ್ತದೆ.
ಯಾರಲ್ಲೂ ಅಷ್ಟಾಗಿ ಏರುಪೇರಾಗದ ಇನ್ನೊಂದು ಜೀನು
ನಮ್ಮ ತೂಕದ ಕಲ್ಲು.
ಮೇಷ್ಟ್ರದು ಮೂವತ್ತನಾಲ್ಕನೆಯ ಸುತ್ತಿಗೆ,
ತಮಿರಾತನದು ಮೂವತ್ತಮೂರು,
ಹದಿನೇಳನೆಯದು
ಇಪ್ಪತ್ತೆಂಟಕ್ಕೇ ಎದ್ದು ನಿಂತಿತು,
ಕೇರಿಯೆಲ್ಲ ಮಲಗಿರುವಾಗ
ಬೆಂಕಿ ಹಚ್ಚಲು ಎದ್ದವಳ ಹಾಗೆ.

ಮತ್ತೆ ಓಡಿಸಿದೆ.
ಇಪ್ಪತ್ತೆಂಟು.

ಆ ಜೀನನ್ನು ಕರೆಯಲು ಹೆಸರಿಲ್ಲ,
ಅಕ್ಷರಗಳಿವೆ, ಅಂಕಿಗಳಿವೆ.
ಹೊರಗಿನದು ಒಳಬಂದರೆ ಎದುರುಗೊಳ್ಳುವುದು ಅದರ ಪಾಡು.
ಮಾತ್ರೆಯೋ ಮಸಿಯೋ, ಅದು ವಿಚಾರಿಸುವುದಿಲ್ಲ.
ಮೂವತ್ತು ವರ್ಷ ಅವರು ಊದಿದ ಒಲೆ
ಅವರನ್ನೂ ಊದುತ್ತಿತ್ತು.

"ಸರಾಸರಿ ಕೆಡಿಸುತ್ತದೆ ಈ ಬಿಂದು, ತೆಗೆದುಬಿಡು,"
ಅಂದರು ಡಾಕ್ಟರ್ ಅಬ್ರೆಹೆತ್.
ಆಮೇಲೆ ಪರದೆಯನ್ನೇ ನೋಡುತ್ತಾ,
"ನಿಮ್ಮಮ್ಮ ಯಾತರಲ್ಲಿ ಅಡುಗೆ ಮಾಡುತ್ತಿದ್ದರು?" ಅಂದರು.
ನಾನು ಹೇಳಲಿಲ್ಲ.
ತಮ್ಮ ಅಮ್ಮನದನ್ನು ಅವರೂ ಹೇಳಲಿಲ್ಲ.
ಮೌಸಿನ ಮೇಲಿದ್ದ ಕೈ ಹಾಗೇ ಇತ್ತು.

ವಾರ ಕಳೆದು ಯೆಶಿಮೆಬೆತ್ ಕಿಟಕಿಗೆ ಬಂದು ಕೇಳಿದರು:
"ಏನಂತೆ ನನ್ನ ರಕ್ತ? ಚೆನ್ನಾಗಿದೆಯಾ?"
ಇದು ರೋಗವಲ್ಲ ಅಮ್ಮ, ಅಂದೆ. ಸುಳ್ಳಲ್ಲ.
ಇದಕ್ಕೇನನ್ನುತ್ತಾರೋ ನನಗೆ ಗೊತ್ತಿಲ್ಲ, ಅನ್ನಲಿಲ್ಲ.

ನೆನಪಿರುವುದು ರಕ್ತ ಕೊಟ್ಟ ಆ ಬೆಳಗ್ಗೆ.
"ಇನ್ನು ಕಾಫಿ ಕುಡಿಯಬಹುದಲ್ಲ?"
ಎನ್ನುತ್ತಾ ಅಂಗಳಕ್ಕಿಳಿದರು.
ಕಾಫಿಯವಳ ಇದ್ದಿಲು ಮಂಕಾಗಿತ್ತು.
ಮೊಣಕೈ ಮಡಚಿ, ಹತ್ತಿಯುಂಡೆ ಒತ್ತಿ ಹಿಡಿದುಕೊಂಡೇ
ಬಗ್ಗಿ
ಎರಡು ಸಲ ಊದಿದರು.