ಮೂರನೆಯ ಗುರುತು

ಹಾಜರಿ ಪುಸ್ತಕದಲ್ಲಿ ಎರಡೇ ಗುರುತು,
ಬಂದರೆ ಗೀಟು, ಬಾರದಿದ್ದರೆ ಸೊನ್ನೆ.
ಆಲೂರಿನಾಚೆ, ಕಾಫಿ ತೋಟದ ಬೇಲಿಗೆ ಬೆನ್ನು ಕೊಟ್ಟ ಶಾಲೆಯಲ್ಲಿ
ದ್ಯಾವಪ್ಪ ಮೇಷ್ಟ್ರು ಮೂರನೆಯದೊಂದು ಮಾಡಿಕೊಂಡಿದ್ದರು,
ಕೆಂಪು ಶಾಯಿಯಲ್ಲಿ, ಚೌಕದ ತುಂಬ:
ಆ.

"ಆನೆ ದಾರೀಲಿ ನಿಂತಿದ್ರೆ ಮಗು ಹೆಂಗ್ ಬರುತ್ತೆ ಮೇಡಂ?
ಗೈರು ಅಂತ ಬರೆಯಕ್ಕೆ ಮನಸ್ಸು ಬರಲ್ಲ.
ಹಾಜರ್ ಅಂದ್ರೆ ಸುಳ್ಳಾಯ್ತದೆ.
ಇನ್‌ಸ್ಪೆಕ್ಟರು ಬೈದ್ರು. ಬೈಸ್ಕೊಂಡೆ."

ಆ ಒಂದು ಅಕ್ಷರ ಹಿಡಿದು ನಾನು ಡಾಕ್ಟರಾದೆ.
ಹನ್ನೊಂದು ವರ್ಷದ ಪುಸ್ತಕಗಳು,
ಒಂದರೊಳಗೆ ಗೆದ್ದಲು ತನ್ನದೇ ರಸ್ತೆ ಮಾಡಿಕೊಂಡಿತ್ತು.
ಭತ್ತ ಹಾಲುಗಟ್ಟುವ ತಿಂಗಳು ಪುಟ ಕೆಂಪು;
ಗದ್ದೆ ಕುಯ್ದು ಬರಿದಾದ ಜನವರಿಯಲ್ಲೂ ಕೆಂಪು.
ಯಾಕೆಂದು ಯಾರೂ ಕೇಳಲಿಲ್ಲ, ಕೇಳುವ ಮೊದಲೇ ನಾನು ಉತ್ತರಿಸಿದ್ದೆ:
ನೆರಳಿಗಾಗಿ, ಕೆರೆಯ ನೀರಿಗಾಗಿ
ಹಿಂಡು ತೋಟಕ್ಕೆ ಸರಿಯುತ್ತದೆ, ನೋಡಿ ನಕ್ಷೆ ನಾಲ್ಕು.

ಕೆಲಸಕ್ಕೆ ಅಲೆದದ್ದು ಬೇರೆ ಕತೆ.
ಸಮಾಜಶಾಸ್ತ್ರದವರು ಕನ್ನಡಕ ಇಳಿಸಿ ಕೇಳಿದರು,
ಆನೆಗೆ ಕುಲವೋ ಮತವೋ ಏನಾದರೂ ಉಂಟೇನಮ್ಮ?
ಪ್ರಾಣಿಶಾಸ್ತ್ರದವರಿಗೆ ಲದ್ದಿ ತೂಗದವಳ ಮಾತು ಬೇಡ.
ಕೊನೆಗೆ ಹಾಸನದಲ್ಲಿ ಒಂದು ಕುರ್ಚಿ,
ಅದಕ್ಕೂ ಮೂರು ಕಾಲು ನೆಟ್ಟಗೆ, ನಾಲ್ಕನೆಯದಕ್ಕೆ ಮಡಚಿದ ಪ್ರಶ್ನೆಪತ್ರಿಕೆ.

ಶಾಲೆಯ ಉಗ್ರಾಣದ ಗೋಡೆ ಒಮ್ಮೆ ಬಿತ್ತು.
ಬಿಸಿಯೂಟದ ಅಕ್ಕಿ ಅಂಗಳದುದ್ದಕ್ಕೂ,
ಒಂದು ಹೆಜ್ಜೆಯ ಗುಂಡಿಯಲ್ಲಿ ತೊಗರಿಬೇಳೆ, ಮೇಲೆ ಇಬ್ಬನಿ.
ಅಡುಗೆಯ ಸಾವಂತ್ರಮ್ಮ ಮೊರದಲ್ಲಿ ಬಳಿಯುತ್ತ ಅಂದಳು,
"ಅದೂ ಹಸ್ಕೊಂಡೇ ಬಂದಿದ್ದು. ಲಿಸ್ಟಲ್ಲಿ ಹೆಸ್ರಿಲ್ಲ, ಅಷ್ಟೆಯ."
ಈ ಮಾತನ್ನು ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ.
ಅವಳಿಗೆ ಗೌರವಧನ ಎಷ್ಟು ತಿಂಗಳು ತಡವಾಗಿತ್ತೆಂದು ಕೇಳಿರಲಿಲ್ಲ.

ಮೊನ್ನೆ ಎಂ.ಎ. ತರಗತಿಯಲ್ಲಿ
ಕಿಟಕಿಯ ಪಕ್ಕದಿಂದ ಎದ್ದಳು ಸೆಲ್ವರಾಣಿ, ಲೈನ್ ಮನೆಯಲ್ಲಿ ಬೆಳೆದವಳು.
"ಮೇಡಂ, ನಿಮ್ಮ ಕೋಷ್ಟಕದ ಕ್ರಮಸಂಖ್ಯೆ ಇಪ್ಪತ್ತೇಳು ನಾನು."
ಹುಡುಗರು ನಕ್ಕರು. ಅವಳು ನಗಲಿಲ್ಲ.
"ಜನವರೀಲಿ ಆನೆ ಇರ್ಲಿಲ್ಲ. ರೊಬಸ್ಟಾ ಇತ್ತು.
ಅಮ್ಮನ ಜೊತೆ ಕುಯ್ಯಕ್ಕೆ ಹೋಗ್ತಿದ್ದೆ, ಕೆ.ಜಿ. ಲೆಕ್ಕ.
ಸೊನ್ನೆ ಜಾಸ್ತಿ ಆದ್ರೆ ಹೆಸ್ರು ಹೊಡೀತಾರಲ್ಲ,
ಮೇಷ್ಟ್ರು ಆನೆ ಹಾಕ್ತಿದ್ರು."

ಆನೆ ಹಾಕ್ತಿದ್ರು.

ಮನೆಗೆ ಬಂದು ಪುಸ್ತಕಗಳನ್ನು ಇಳಿಸಿದೆ.
ಒಂದೇ ಕೆಂಪು, ಒಂದೇ ಕೈ, ಒಂದೇ ಬಾಗು.
ಯಾವ ಆ ಆನೆ, ಯಾವ ಆ ಆಳು,
ಭೂತಗನ್ನಡಿ ಹಿಡಿದರೂ ಬೇರೆಯಾಗಲೊಲ್ಲದು.
ದ್ಯಾವಪ್ಪನವರು ಹೋಗಿ ಆರು ವರ್ಷ.
ಅವರ ಸುಳ್ಳು ಒಂದು ಮಗುವನ್ನು ನನ್ನ ಎದುರಿನ ಬೆಂಚಿನ ತನಕ ತಂದಿದೆ.
ನನ್ನ ನಿಜ?
ಮಕ್ಕಳ ಓದು ಕೆಡುತ್ತಿದೆಯೆಂಬ ಮನವಿಯೊಂದಕ್ಕೆ
ಅದೇ ಕೋಷ್ಟಕ ಲಗತ್ತಾಗಿತ್ತು.
ಹಗ್ಗದಲ್ಲಿ, ಕ್ರೇನಿನಲ್ಲಿ, ಅರ್ಧ ಎಚ್ಚರದಲ್ಲಿ
ಒಂದು ಗಂಡಾನೆ ಲಾರಿ ಹತ್ತಿದ್ದನ್ನು ನಾನೂ ನೋಡಿದ್ದೆ,
ಟಿಪ್ಪಣಿ ಪುಸ್ತಕದಲ್ಲಿ ಸಮಯ ಬರೆದುಕೊಂಡು.

ಇವತ್ತು ಸಂಜೆ ಅವಳು ಸಿಬ್ಬಂದಿ ಕೊಠಡಿಯ ಬಾಗಿಲಿಗೆ ಬಂದಳು.
ತಪ್ಪಾಯ್ತು ಎನ್ನಲು ಬಂದಳೇನೋ ಎಂದುಕೊಂಡೆ,
ನಾನೇ ಅನ್ನಬೇಕೆಂದೂ ಅಂದುಕೊಂಡೆ.
ಅವಳು ಮೊಬೈಲ್ ಮುಂದೆ ಹಿಡಿದಳು, ಅರಣ್ಯ ಇಲಾಖೆಯ ಸಂದೇಶ,
ಅವಳ ಊರಿನ ಹೆಸರು, ಏಳು ಆನೆ, ಎರಡು ಮರಿ.
"ಆಲೂರು ಬಸ್ಸಿಗೆ ಹೊತ್ತಾಯ್ತು, ಬರ್ತೀನಿ.
ಇವತ್ತು ನಿಜವಾಗ್ಲೂ ಇದಾವೆ ಮೇಡಂ.
ನಾಳೆ ನಾನು ಬರ್ಲಿಲ್ಲ ಅಂದ್ರೆ
ಏನ್ ಹಾಕ್ಬೇಕೋ ನೀವೇ ನೋಡಿ."