ಹದಿನಾಲ್ಕು ಸೀಟಿನ ವ್ಯಾನು

ಬಾಗಿಲು ಎರಡು ಸಲ ಎಳೆಯಬೇಕು,
ಒಮ್ಮೆ ಎಳೆದರೆ ಮುಚ್ಚಿದಂತೆ ನಟಿಸುತ್ತದೆ ಅಷ್ಟೆ.
ಹದಿನಾಲ್ಕು ಸೀಟು, ಹದಿನೇಳು ನೆಂಟರು,
ಒಬ್ಬಾಕೆಯ ತೊಡೆಯ ಮೇಲೆ ಕೇಕಿನ ಡಬ್ಬಿ,
ಟಿಬಿಲಿಸಿಯಿಂದ ಹಾಗೇ ಹಿಡಿದು ತಂದಳಂತೆ
ಒಂಬತ್ತು ತಾಸು, ಕೆಳಗಿಡದೆ.

ನಾಳೆ ಮದುವೆ. ಇವತ್ತು ಇವರಿಗೆ ಹೊತ್ತು ಹೋಗಬೇಕು.
ಮದುಮಗಳ ಸೋದರತ್ತೆ ನಜಿಬ್ರೋಲಾ
ಬೆಳಕು ಹರಿಯುವ ಮೊದಲೇ ನನ್ನ ಕಿಟಕಿ ತಟ್ಟಿ
ಡೀಸೆಲ್ಲಿಗೆ ದುಡ್ಡು ಕೊಟ್ಟು ಹೇಳಿದ್ದು ಇಷ್ಟು:
'ಹಿಮನದಿ ತೋರಿಸು, ಇಗರ್ಜಿ ತೋರಿಸು,
ಗೋಪುರ ಹತ್ತಿಸು. ಕತೆ ಮಾತ್ರ ಬೇಡ.'

ಸ್ವಾನೇತಿಯಲ್ಲಿ ಕತೆಯಿಲ್ಲದೆ ಗೋಪುರ ತೋರಿಸುವುದೆಂದರೆ
ನಮ್ಮೂರ ಉಪ್ಪಿಲ್ಲದೆ ಆಲೂಗಡ್ಡೆ ಬಡಿಸಿದಂತೆ.
ಆಗಲಿ ಎಂದೆ.

ಹಿಮನದಿ ಸುಲಭ. ಅದಕ್ಕೆ ಯಾರ ಮೇಲೂ ಹಗೆಯಿಲ್ಲ.
ನಾನು ಹುಡುಗನಾಗಿದ್ದಾಗ ಈ ಬಂಡೆಯವರೆಗಿತ್ತು,
ಈಗ ಅರ್ಧ ತಾಸು ನಡೆದು ಹೋಗಿ ಮುಟ್ಟಬೇಕು.
ನಡೆದರು. ಎತ್ತರದ ಹಿಮ್ಮಡಿಯ ಚಪ್ಪಲಿಯವಳೊಬ್ಬಳು,
ಚಪ್ಪಲಿ ಅವಳ ಕೈಗೆ ಬಂತು,
ಆಮೇಲೆ ನನ್ನ ಕೈಗೆ ಬಂತು.

ಇಗರ್ಜಿಯ ಬೀಗದಕೈ ಮುದುಕ ಜೋಕಿಯಾನ ಹತ್ತಿರ.
ಅವನು ಹುಲ್ಲು ಕೊಯ್ಯುತ್ತಿದ್ದ, ಸಾಲು ಮುಗಿಸಿಯೇ ಬಂದ.
ಒಳಗೆ ಗೋಡೆಯ ತುಂಬ ಸಂತರು,
ಮೇಣದ ಹೊಗೆ ಕುಡಿದು ಕುಡಿದು ಕಪ್ಪಾದವರು.
'ಈ ಬೆಳ್ಳಿಯ ಪಟ ಯಾಕೆ ಇಷ್ಟು ಸವೆದಿದೆ?'
ಹನ್ನೆರಡು ಹನ್ನೆರಡು ಮಂದಿ ಕೈಯಿಟ್ಟು ಆಣೆ ಮಾಡಿದ್ದಕ್ಕೆ.
'ಏನಂತ ಆಣೆ?'
ಮಳೆ ಬರುವ ಹಾಗಿದೆ, ಹೊರಡೋಣ ಎಂದೆ.
ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ.

ಗೋಪುರ. ಅಂತಸ್ತಿಗೊಂದು ಏಣಿ,
ಒಳಗಿನಿಂದ ಹಾಕುವ ಅಗುಳಿ.
ತುದಿಯಲ್ಲಿ ಅಂಗೈಯಗಲದ ಕಿಂಡಿ,
ವರನ ಅಕ್ಕನ ಮಗ ವಾಮೇಖ್, ಎಂಟು ವರ್ಷ,
ಮುಖ ಅದಕ್ಕೆ ಒತ್ತಿಹಿಡಿದು ಕೂಗಿದ:
'ಬೆಟ್ಟ ಕಾಣಲ್ಲ, ಹೊಳೆ ಕಾಣಲ್ಲ,
ಎದುರಿನ ಗೋಪುರದ ಬಾಗಿಲೊಂದೇ ಕಾಣುತ್ತೆ!'

ಅಷ್ಟು ಕಾಣಲೆಂದೇ ಕೊರೆದದ್ದು, ಮಗು.

ಬಾಯಿ ಜಾರಿತು.
ಹದಿನೇಳು ಮಂದಿಯ ಉಸಿರು ಆ ಕಲ್ಲಿನೊಳಗೆ ಕೇಳಿಸಿತು.

'ಅದು ಯಾರದು?'
ನಿಮ್ಮದು.
'ಇದು?'
ಮದುಮಗಳ ಮನೆಯದು.

ಇನ್ನು ಮುಚ್ಚಿಟ್ಟು ಏನು?
ಏಣಿಯ ಮೇಲೇ ಕೂತು ಹೇಳಿದೆ. ಹನ್ನೊಂದು ವರ್ಷ
ಎರಡೂ ಕಡೆ ಗಂಡಸರು ಹೊರಗೆ ಬರಲಿಲ್ಲ,
ಹೊಲ ಉತ್ತವರು ಹೆಂಗಸರು, ನೀರು ತಂದವರು ಹೆಂಗಸರು,
ದಾರಿಯಲ್ಲಿ ಎದುರಾದರೆ ಕೊಡ ಬದಲಿಸಿ ಹೆಗಲು ಬದಲಿಸಿ
ಮಾತಾಡದೆ ಹೋದವರು.
ಅಗುಳಿ ಹಾಕಿ ಬೀಗ ಜಡಿದು ಕೂತವರ ಮರಿಮಕ್ಕಳು
ನಾಳೆ ಬೀಗರು.

ಯಾರೂ ನಗಲಿಲ್ಲ. ಇಳಿಯುವಾಗ ಮಾತ್ರ
ವರನ ಚಿಕ್ಕಪ್ಪ ಮದುಮಗಳ ಅಜ್ಜಿಯ ಪಾದ ಹಿಡಿದು
ಒಂದೊಂದೇ ಮೆಟ್ಟಿಲಿಗೆ ಊರಿಸಿದ,
ಏಣಿ ಅಷ್ಟು ಕಡಿದು, ಬೇರೆ ದಾರಿ ಇರಲಿಲ್ಲ.

ಸಂಜೆ ವಾಪಸ್ಸು ಬಂದರೆ ಬಯಲಲ್ಲಿ ಬೆಂಚು ಜೋಡಿಸುತ್ತಿದ್ದರು.
ಕೇಕಿನವಳು ಕೇಳಿದಳು: ಇಷ್ಟು ಕಡಿದಾದ ಊರಲ್ಲಿ
ಇಷ್ಟು ಸಮತಟ್ಟು ಜಾಗ ಎಲ್ಲಿ ಸಿಕ್ಕಿತು?
ಒಬ್ಬ ಸತ್ತದ್ದಕ್ಕೆ ವರನ ಕಡೆಯವರು ಬಿಟ್ಟುಕೊಟ್ಟದ್ದು.
ಹಗ್ಗ ಹಿಡಿದು ಅಳೆದವನು ನನ್ನ ಮುತ್ತಜ್ಜ,
ಒಂದು ಮೊಳವೂ ಯಾವ ಕಡೆಗೂ ಜಾರಲಿಲ್ಲವಂತೆ,
ಹಾಗಂತ ನಮ್ಮ ಮನೆಯಲ್ಲಿ ಹೇಳುತ್ತಾರೆ.
ಅವರ ಮನೆಗಳಲ್ಲಿ ಏನು ಹೇಳುತ್ತಾರೋ.

ನಜಿಬ್ರೋಲಾ ಸೆರಗಿಲ್ಲದ ಕೈ ಏಪ್ರನ್ನಿಗೆ ಒರೆಸುತ್ತ ಬಂದಳು.
'ಹೇಳಿಬಿಟ್ಟೆಯಾ?'
ನಾನಲ್ಲ, ಕಿಂಡಿ.
ಬಹಳ ಹೊತ್ತು ನೋಡಿದಳು, ನನ್ನನ್ನಲ್ಲ, ಆ ಹುಡುಗನನ್ನು.
ಅವನು ಬೆಂಚಿನ ಮೇಲೆ ನಿಂತು
ಎರಡು ಗೋಪುರಗಳನ್ನೂ ಒಂದೇ ಸಲ ಕಾಣಲು
ಕತ್ತು ಎಲ್ಲಿಗೆ ಹೊರಳಿಸಬೇಕೆಂದು ಲೆಕ್ಕ ಹಾಕುತ್ತಿದ್ದ.
'ಸರಿ,' ಎಂದಳು, 'ಆ ತುದಿ ಹಿಡಿ, ಇನ್ನೂ ಹತ್ತು ಬೆಂಚಿವೆ.'

ಚಪ್ಪಲಿ ಇನ್ನೂ ನನ್ನ ವ್ಯಾನಿನಲ್ಲೇ ಇದೆ.
ನಾಳೆ ಕುಣಿಯುವ ಹೊತ್ತಿಗೆ ಕೇಳುತ್ತಾಳೆ.